ಎರಡೂ ಭಾಷೆ ಪಾಠ ಹೇಳಬೇಕು

‘ಕನ್ನಡ ಮನೆಯಲ್ಲೇ ಬರುತ್ತದೆ, ಶಾಲೆ ಇರುವುದು ಇಂಗ್ಲಿಷಿಗೆ’ ಎನ್ನುವ ಮಾತು ಈಗ ಹೆಚ್ಚಾಗಿ ಕೇಳಿಬರುತ್ತಿರುವುದು ಓದಿಕೊಂಡವರ ಬಾಯಿಂದಲೇ. ಶಾಲೆಗಳೂ ಇದನ್ನೇ ನಂಬಿಕೊಂಡಿವೆ. ಬೆಂಗಳೂರು, ಮೈಸೂರುಗಳ ಹೊರವಲಯದಲ್ಲಿ, ಈಚೆಗೆ ತಾಲ್ಲೂಕು ಕೇಂದ್ರಗಳಲ್ಲೂ ತಲೆಯೆತ್ತುತ್ತಿರುವ ‘ಇಂಟರ್‌ನ್ಯಾಷನಲ್’ ಶಾಲೆಗಳಲ್ಲಿ ಕೆಲವು ತಮ್ಮನ್ನು ದ್ವಿಭಾಷಾ ಶಾಲೆ ಎಂದೂ ಕರೆದುಕೊಳ್ಳುತ್ತವೆ. ಟೈಮ್‌ಟೇಬಲ್ ನೋಡಿದರೆ ಗಣಿತ, ವಿಜ್ಞಾನ, ಸಮಾಜ, ಕಂಪ್ಯೂಟರ್ ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಸಿಗುವುದು ಒಂದು ಪೀರಿಯಡ್. ಇದನ್ನು ದ್ವಿಭಾಷಾ ಶಿಕ್ಷಣ ಎಂದು ನಾನು ಒಪ್ಪುವುದಿಲ್ಲ. ಒಂದು ಭಾಷೆಗೆ ಜ್ಞಾನವನ್ನೆಲ್ಲ ಕೊಟ್ಟು ಇನ್ನೊಂದಕ್ಕೆ ಪದ್ಯ, ಕಾಗುಣಿತ, ರಾಜ್ಯೋತ್ಸವದ ಹಾಡನ್ನು ಉಳಿಸಿದರೆ, ಬುದ್ಧಿಗೆ ಬೇಕಾದ ಭಾಷೆ ಯಾವುದು, ಬೇಡವಾದದ್ದು ಯಾವುದು ಎಂಬುದನ್ನು ಮಗು ಯಾರೂ ಹೇಳಿಕೊಡದೆ ಮೊದಲ ವರ್ಷವೇ ಕಲಿತುಬಿಡುತ್ತದೆ.

ಎರಡು ಭಾಷೆಯ ಶಾಲೆಗೆ ಇರಬೇಕಾದ ಗುರಿ ಒಂದೇ ಎಂದು ನನ್ನ ನಂಬಿಕೆ. ಅಲ್ಲಿ ಕಲಿತ ಮಗು ಎರಡೂ ಭಾಷೆಯಲ್ಲಿ ಯೋಚಿಸಬೇಕು, ಪ್ರಶ್ನೆ ಕೇಳಬೇಕು, ವಾದಿಸಬೇಕು, ತನಗೆ ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬೇಕು. ಅದಕ್ಕೆ ಎರಡೂ ಭಾಷೆ ಪಾಠ ಹೇಳಬೇಕು.

ಮನೆಯಲ್ಲಿ ಬರುವ ಕನ್ನಡ ಯಾವುದು? ಊಟಕ್ಕೆ ಕರೆಯುವ, ಜಗಳವಾಡುವ, ಮುದ್ದು ಮಾಡುವ ಕನ್ನಡ. ಅದು ಅಮೂಲ್ಯ, ಅದಿಲ್ಲದೆ ಮುಂದಿನದು ಯಾವುದೂ ಇಲ್ಲ. ಆದರೆ ಭಿನ್ನರಾಶಿಯನ್ನು ವಿವರಿಸುವ, ಮಳೆ ಏಕೆ ಕೈಕೊಟ್ಟಿತೆಂದು ಚರ್ಚಿಸುವ, ಪತ್ರಿಕೆಯ ಸಂಪಾದಕೀಯವನ್ನು ಓದಿ ಇದು ಸರಿಯಲ್ಲ ಎಂದು ಬರೆಯುವ ಕನ್ನಡ ಅಡುಗೆಮನೆಯಲ್ಲಿ ತಾನಾಗಿ ಬರುವುದಿಲ್ಲ. ಕೆನಡಾದ ಭಾಷಾ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ ವಲಸೆ ಬಂದ ಮಕ್ಕಳ ಕಲಿಕೆಯನ್ನು ಅಭ್ಯಾಸ ಮಾಡಿ ಈ ಎರಡರ ನಡುವಿನ ಅಂತರವನ್ನು ತೋರಿಸಿಕೊಟ್ಟರು. ಆಟದ ಬಯಲಿನ ಮಾತು ಮಗುವಿಗೆ ಎರಡು ವರ್ಷದಲ್ಲಿ ಸಲೀಸಾಗಬಹುದು, ಪಾಠದ ಭಾಷೆ ಹಿಡಿತಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಅವರು ಹೇಳಿದ್ದು ಹೊಸದಾಗಿ ಕಲಿಯುವ ಇಂಗ್ಲಿಷಿನ ಬಗ್ಗೆ. ಆದರೂ ಆ ಅಂತರ ಯಾವ ಭಾಷೆಗೂ ತಪ್ಪಿದ್ದಲ್ಲ, ಅದನ್ನು ದಾಟಿಸುವುದು ಶಾಲೆಯ ಕೆಲಸ. ಮನೆಯಲ್ಲಿ ಬರುತ್ತದೆ ಎಂದು ಕೈಬಿಟ್ಟ ಕನ್ನಡ ಎಂಟು ವರ್ಷದ ಮಗುವಿನ ಕನ್ನಡವಾಗಿಯೇ ನಿಂತುಹೋಗುತ್ತದೆ. ಎಂಜಿನಿಯರಾದ ಮೇಲೂ ತನ್ನ ಕೆಲಸ ಏನೆಂದು ಅಜ್ಜಿಗೆ ವಿವರಿಸಲಾಗದೆ ಸುಮ್ಮನಾಗುವ ತರುಣರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ.

ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮಾಧ್ಯಮ ಬೇಕು ಎನ್ನುವವರು ತಮ್ಮ ಬೆಂಬಲಕ್ಕೆ ತರುವುದೂ ಕೆನಡಾದ ಒಂದು ಪ್ರಯೋಗವನ್ನೇ. ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಅದರ ಹೆಸರಿನಲ್ಲಿ ನಮ್ಮಲ್ಲಿ ನಡೆಯುತ್ತಿರುವುದು ಅದಕ್ಕೆ ತೀರ ತದ್ವಿರುದ್ಧ. ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್ ನಗರಕ್ಕೆ ಹೊಂದಿಕೊಂಡ ಊರು ಸೇಂಟ್ ಲ್ಯಾಂಬರ್ಟ್. ಸುತ್ತಲಿನ ಬಹುಸಂಖ್ಯಾತ ಜನ ಫ್ರೆಂಚ್ ಮಾತಾಡುವವರು. ಆದರೆ ವ್ಯಾಪಾರ, ಬ್ಯಾಂಕು, ದೊಡ್ಡ ಹುದ್ದೆಗಳ ಭಾಷೆ ಆಗ ಇಂಗ್ಲಿಷ್. ಅಲ್ಲಿನ ಕೆಲವು ಇಂಗ್ಲಿಷ್ ಭಾಷಿಕ ತಂದೆತಾಯಿಗಳಿಗೆ ತಮ್ಮ ಮಕ್ಕಳು ವರ್ಷಗಟ್ಟಲೆ ಫ್ರೆಂಚನ್ನು ಒಂದು ವಿಷಯವಾಗಿ ಓದಿಯೂ ನೆರೆಯವರೊಡನೆ ನಾಲ್ಕು ಮಾತಾಡಲಾರರು ಎಂಬ ಕೊರಗು ಹತ್ತಿತು. ಅವರು ಶಾಲಾ ಮಂಡಳಿಯ ಹಿಂದೆ ಬಿದ್ದರು. ಮೆಕ್‌ಗಿಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವಾಲೇಸ್ ಲ್ಯಾಂಬರ್ಟ್, ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಅವರ ಸಲಹೆ ಪಡೆದರು. 1965ರಲ್ಲಿ ಶಿಶುವಿಹಾರದ ಒಂದು ತರಗತಿ ಪೂರ್ತಿ ಫ್ರೆಂಚಿನಲ್ಲಿ ಶುರುವಾಯಿತು. ಮಕ್ಕಳು ಓದುಬರಹ ಕಲಿತದ್ದು ಫ್ರೆಂಚಿನಲ್ಲಿ. ಇಂಗ್ಲಿಷ್ ಓದು ಬಂದದ್ದು ಎರಡನೇ ತರಗತಿಯಲ್ಲಿ. ಆಮೇಲೆ ಅದರ ಪಾಲು ಮೆಲ್ಲಮೆಲ್ಲನೆ ಹೆಚ್ಚಿತು. ಮೊದಮೊದಲು ಇಂಗ್ಲಿಷ್ ಓದಿನಲ್ಲಿ ಹಿಂದೆ ಬಿದ್ದಂತೆ ಕಂಡ ಮಕ್ಕಳು ಬೇಗನೆ ಸರಿಸಮಕ್ಕೆ ಬಂದರು, ಜೊತೆಗೆ ಫ್ರೆಂಚನ್ನೂ ದಕ್ಕಿಸಿಕೊಂಡರು. 1972ರಲ್ಲಿ ಲ್ಯಾಂಬರ್ಟ್ ಮತ್ತು ಅವರ ಸಹಸಂಶೋಧಕ ಟಕರ್ ಇದನ್ನೆಲ್ಲ ದಾಖಲಿಸಿ ಪುಸ್ತಕ ತಂದರು.

ಗಮನಿಸಿ, ಅಲ್ಲಿ ಬಲಶಾಲಿ ಭಾಷೆಯ ಮಕ್ಕಳು ಬಲ ಕಡಿಮೆಯಿದ್ದ ಭಾಷೆಯ ಶಾಲೆಗೆ ಹೋದರು. ಮನೆ, ಟೀವಿ, ಅಪ್ಪನ ಆಫೀಸು ಎಲ್ಲವೂ ಇಂಗ್ಲಿಷಿಗೆ ಬೆಂಬಲವಾಗಿದ್ದುದರಿಂದ ಅವರ ಇಂಗ್ಲಿಷ್ ಎಲ್ಲಿಗೂ ಹೋಗಲಿಲ್ಲ. ಇರುವ ಭಾಷೆಗೆ ಇನ್ನೊಂದು ಕೂಡುವುದು ಬೇರೆ, ಇನ್ನೊಂದು ಬಂದು ಇರುವುದನ್ನು ಕಳೆಯುವುದು ಬೇರೆ ಎಂಬ ಎಚ್ಚರಿಕೆಯನ್ನು ಲ್ಯಾಂಬರ್ಟ್ ಅವರೇ ಕೊಟ್ಟಿದ್ದರು. ಹಾಗಾದರೆ ಬೆಂಗಳೂರಿನಲ್ಲಿ ಸೇಂಟ್ ಲ್ಯಾಂಬರ್ಟಿನ ಸರಿಯಾದ ಪ್ರತಿರೂಪ ಯಾವುದು? ಅಪಾರ್ಟ್‌ಮೆಂಟಿನಲ್ಲಿ ಇಂಗ್ಲಿಷಿನಲ್ಲೇ ಬೆಳೆಯುತ್ತಿರುವ ಮಗು ಮೊದಲ ಮೂರು ನಾಲ್ಕು ವರ್ಷ ಪೂರ್ತಿ ಕನ್ನಡದಲ್ಲಿ ಕಲಿಯುವ ಶಾಲೆ. ಆ ಪ್ರಯೋಗದ ಮೇಲೆ ನಿಜವಾದ ನಂಬಿಕೆಯಿದ್ದರೆ ನಮ್ಮ ಇಂಟರ್‌ನ್ಯಾಷನಲ್ ಶಾಲೆಗಳು ಇದನ್ನು ಮಾಡಬೇಕಿತ್ತು. ಹಾಸನದ ಹಳ್ಳಿಯಿಂದ ಬಂದ ಮಗುವನ್ನು ಅದಕ್ಕೆ ಗೊತ್ತಿಲ್ಲದ ಇಂಗ್ಲಿಷಿನಲ್ಲಿ ಮುಳುಗಿಸುವುದಕ್ಕೂ ಸೇಂಟ್ ಲ್ಯಾಂಬರ್ಟಿಗೂ ಯಾವ ಸಂಬಂಧವೂ ಇಲ್ಲ. ಆ ಮಗುವಿಗೆ ಹೊಂದುವ ಪ್ರಯೋಗ ನಡೆದದ್ದು ನೈಜೀರಿಯಾದ ಇಫೆಯಲ್ಲಿ. 1970ರಿಂದ ಬಾಬ್ಸ್ ಫಫೂನ್ವಾ ಅವರ ನೇತೃತ್ವದಲ್ಲಿ ಪ್ರಾಥಮಿಕ ಶಾಲೆಯ ಆರೂ ವರ್ಷ ಪಾಠವೆಲ್ಲ ಯೊರೂಬಾದಲ್ಲಿ ನಡೆಯಿತು. ಇಂಗ್ಲಿಷನ್ನು ಒಂದು ವಿಷಯವಾಗಿ, ಅದಕ್ಕೆಂದೇ ತರಬೇತಾದ ಶಿಕ್ಷಕರು ಕಲಿಸಿದರು. ನಾಲ್ಕನೇ ವರ್ಷಕ್ಕೇ ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಕ್ಕಳಿಗಿಂತ ಇವರು ಇಂಗ್ಲಿಷಿನಲ್ಲಿ ಹಿಂದೆ ಬೀಳಲಿಲ್ಲ, ಉಳಿದ ವಿಷಯಗಳಲ್ಲಿ ಮುಂದೆಯೇ ಇದ್ದರು.

ನಾನು ಗೌರವಿಸುವ ಆಕ್ಷೇಪ ಒಂದಿದೆ. ತಲೆಮಾರುಗಳಿಂದ ಅಕ್ಷರದಿಂದ ದೂರವಿಟ್ಟ ಜನ, ದಲಿತರು, ಕೂಲಿಯವರು, ಇಂದು ಇಂಗ್ಲಿಷನ್ನು ಕೇಳುತ್ತಿದ್ದಾರೆ. ಕನ್ನಡದ ಪರ ಭಾಷಣ ಮಾಡುವವರ ಮಕ್ಕಳು ಕಾನ್ವೆಂಟಿನಲ್ಲಿ ಓದಿ, ತಮ್ಮ ಮಕ್ಕಳು ಮಾತ್ರ ಕನ್ನಡ ಕಾಯಬೇಕೇ ಎಂದು ಅವರು ಕೇಳಿದರೆ ಅದಕ್ಕೆ ಎದುರುತ್ತರವಿಲ್ಲ. 2019ರಲ್ಲಿ ಸರ್ಕಾರ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದಾಗ ಈ ತಂದೆತಾಯಿಗಳು ಸಾಲುಗಟ್ಟಿ ಬಂದರು. ಅವರ ಹಸಿವು ನ್ಯಾಯವಾದದ್ದು. ಅವರ ಮಕ್ಕಳಿಗೆ ಇಂಗ್ಲಿಷ್ ಸಿಗಲೇಬೇಕು, ಚೆನ್ನಾಗಿ ಸಿಗಬೇಕು. ಆದರೆ ಅವರಿಗೆ ನಾವು ಕೊಡುತ್ತಿರುವುದೇನು? ಎಷ್ಟೋ ಕಡೆ ಇಂಗ್ಲಿಷಿನಲ್ಲಿ ನಿರಾಳವಾಗಿ ಮಾತಾಡಲಾರದ ಶಿಕ್ಷಕರು, ಅರ್ಥವಾಗದೆ ಬಾಯಿಪಾಠ ಮಾಡಿದ ಪ್ರಶ್ನೋತ್ತರ. ಇದು ಅವಕಾಶದ ಹೆಸರಿನಲ್ಲಿ ಮಾಡುವ ಮೋಸ. ಇಫೆಯ ಪ್ರಯೋಗದಲ್ಲಿ ಒಳ್ಳೆಯ ಇಂಗ್ಲಿಷ್ ಶಿಕ್ಷಕರಿಗೆ ಕೊಟ್ಟ ಮಹತ್ವವನ್ನು ಕನ್ನಡದ ಪರ ಮಾತಾಡುವ ನಾವೂ ಮರೆಯುತ್ತೇವೆ. ಕನ್ನಡ ಮಾಧ್ಯಮ ಬೇಕೆನ್ನುವವರು ಒಳ್ಳೆಯ ಇಂಗ್ಲಿಷ್ ಶಿಕ್ಷಕರು ಬೇಕೆಂದೂ ಅಷ್ಟೇ ಗಟ್ಟಿಯಾಗಿ ಕೂಗಬೇಕು.

ಇನ್ನೊಂದು ಪ್ರಶ್ನೆಯೂ ತೂಕದ್ದೇ. ಬೆಂಗಳೂರಿನ ಒಂದು ತರಗತಿಯಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ, ಕೊಂಕಣಿ ಮನೆಮಾತಿನ ಮಕ್ಕಳಿರುವಾಗ ಕನ್ನಡವೇ ಏಕೆ? ಏಕೆಂದರೆ ಅವರೆಲ್ಲ ಬದುಕುತ್ತಿರುವ ನೆಲದ ಭಾಷೆ ಅದು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ನೆಲದ ಭಾಷೆ ಅವರಿಗೆ ಜ್ಞಾನದ ಭಾಷೆಯಾಗಿ ಸಿಕ್ಕಿತು, ಮನೆಮಾತು ಅಳಿಯಲಿಲ್ಲ, ಇಂಗ್ಲಿಷಿಗೂ ಕೊರತೆಯಾಗಲಿಲ್ಲ. ಮಗುವಿನ ಮನೆಮಾತಿಗೆ ಶಾಲೆ ಗೌರವ ಕೊಡಬೇಕೆಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಈ ನೆಪ ಹೂಡುವ ಶಾಲೆ ಆ ಮಕ್ಕಳಿಗೆ ತೆಲುಗಿನಲ್ಲೋ ಉರ್ದುವಿನಲ್ಲೋ ಪಾಠ ಹೇಳುತ್ತಿದೆಯೇ? ಇಲ್ಲ. ಎಲ್ಲರ ಭಾಷೆಯನ್ನೂ ಹೊರಗಿಡಲು ಅದು ಒಬ್ಬರ ಭಾಷೆಯನ್ನು ಮುಂದೆ ಮಾಡುತ್ತಿದೆ.

ವಿಶ್ವಪ್ರಜೆಗೆ ಊರಿನ ಭಾಷೆ ಬೇಡ ಎನ್ನುವವರು ವಿಶ್ವವನ್ನೂ ಸರಿಯಾಗಿ ನೋಡಿಲ್ಲ.

ಅಂತರರಾಷ್ಟ್ರೀಯ ಎಂಬ ಹೆಸರಿಗೆ ನಿಜವಾಗಿ ಹಕ್ಕುಳ್ಳ ಶಾಲೆಗಳು ಹೇಗೆ ನಡೆಯುತ್ತಿವೆ ನೋಡಿ. ಎರಡನೇ ಮಹಾಯುದ್ಧದ ಗಾಯ ಇನ್ನೂ ಹಸಿಯಾಗಿದ್ದ 1953ರಲ್ಲಿ, ಲಕ್ಸೆಂಬರ್ಗ್‌ನಲ್ಲಿ, ಯುರೋಪಿನ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯದ ನೌಕರರ ಮಕ್ಕಳಿಗಾಗಿ ಮೊದಲ ಯುರೋಪಿಯನ್ ಶಾಲೆ ಹುಟ್ಟಿತು. ಕೆಲವೇ ವರ್ಷದ ಹಿಂದೆ ಪರಸ್ಪರ ಕೊಂದಾಡಿದ ದೇಶಗಳ ಮಕ್ಕಳನ್ನು ಅದು ಒಂದೇ ಸೂರಿನಡಿ ಕೂರಿಸಿತು. ಎಲ್ಲರಿಗೂ ಒಂದೇ ಭಾಷೆ ಹೊರಿಸುವುದು ಸುಲಭವಿತ್ತು. ಆ ಶಾಲೆ ಹಾಗೆ ಮಾಡಲಿಲ್ಲ. ಮಗುವಿನ ತಳಪಾಯದ ಕಲಿಕೆ ಅದರ ಸ್ವಂತ ಭಾಷೆಯ ವಿಭಾಗದಲ್ಲಿ, ಎರಡನೇ ಭಾಷೆ ಪ್ರಾಥಮಿಕದಿಂದಲೇ, ಪ್ರೌಢಶಾಲೆಯಲ್ಲಿ ಇತಿಹಾಸ ಭೂಗೋಳಗಳು ಆ ಎರಡನೇ ಭಾಷೆಯಲ್ಲಿ, ಬೇರೆ ದೇಶದ ಮಕ್ಕಳ ಜೊತೆ ಕುಳಿತು. ತನ್ನ ದೇಶದ ಇತಿಹಾಸವನ್ನು ಒಂದು ಕಾಲದ ಶತ್ರುವಿನ ಭಾಷೆಯಲ್ಲಿ, ಅವನ ಮಗನ ಪಕ್ಕದಲ್ಲಿ ಓದುವುದಕ್ಕಿಂತ ದೊಡ್ಡ ಶಾಂತಿಪಾಠ ನನಗೆ ಗೊತ್ತಿಲ್ಲ. ಸ್ವಂತ ನಾಡಿನ ಪ್ರೀತಿ ಬಿಡದೆ ಯುರೋಪಿನವರಾಗುವುದು ಆ ಶಾಲೆಯ ಆಶಯ. ನಮ್ಮಲ್ಲಿ ಬಹಳ ಹೆಸರು ಮಾಡಿರುವ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್) ಪಠ್ಯಕ್ರಮವೂ ಹೀಗೆಯೇ. ಜಿನೀವಾದಲ್ಲಿ 1968ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಡಿಪ್ಲೊಮಾದಲ್ಲಿ, ಶಾಲೆಯಲ್ಲಿ ಕಲಿಸುವವರು ಇಲ್ಲದಿದ್ದರೂ ವಿದ್ಯಾರ್ಥಿ ತನ್ನ ಭಾಷೆಯ ಸಾಹಿತ್ಯವನ್ನು ಸ್ವಂತವಾಗಿ ಅಭ್ಯಾಸ ಮಾಡುವ ದಾರಿ ಇದೆ. ಹೊರಗಿನ ಸಂಸ್ಥೆಗೆ ಇರುವ ಈ ಕಾಳಜಿ ಕನ್ನಡ ಮಾತಾಡಿದ ಮಗುವಿಗೆ ದಂಡ ಹಾಕುವ ಶಾಲೆಗೆ ಇಲ್ಲವಲ್ಲ ಎಂಬುದು ನನ್ನನ್ನು ಕುದಿಸುತ್ತದೆ.

ಕಾನೂನಿನಿಂದ ಇದು ಸರಿಹೋಗುತ್ತದೆಂಬ ಭರವಸೆ ನನಗಿಲ್ಲ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗಿದೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಕನ್ನಡವನ್ನು ಒಂದು ವಿಷಯವಾಗಿ ಎಲ್ಲ ಶಾಲೆಗೂ ತಂದಿತು, ಅದು ಒಳ್ಳೆಯ ಕೆಲಸ. ಆದರೆ ಕಾನೂನು ಒಂದು ಪೀರಿಯಡ್ಡನ್ನು ಕೊಡಬಲ್ಲದು, ಗೌರವವನ್ನು ಕೊಡಲಾರದು. ಅದನ್ನು ಕೊಡಬೇಕಾದವರು ಶಾಲೆ ನಡೆಸುವವರು ಮತ್ತು ಶುಲ್ಕ ಕಟ್ಟುವವರು.

ಆದ್ದರಿಂದ ಈ ಮಾತು ಮುಖ್ಯವಾಗಿ ತಂದೆತಾಯಿಗಳಿಗೆ. ಮುಂದಿನ ಸಲ ದ್ವಿಭಾಷಾ ಶಾಲೆ ಎಂದು ಬೋರ್ಡು ಹಾಕಿಕೊಂಡ ಕಡೆ ಮಗುವನ್ನು ಸೇರಿಸಲು ಹೋದಾಗ ಈಜುಕೊಳ, ಸ್ಮಾರ್ಟ್‌ಬೋರ್ಡು ನೋಡುವುದಕ್ಕೆ ಮೊದಲು ಕೇಳಿ: ಇಲ್ಲಿ ಕನ್ನಡದಲ್ಲಿ ಪಾಠ ಮಾಡುವ ವಿಷಯ ಯಾವುದು? ಕನ್ನಡ ಶಿಕ್ಷಕರಿಗೆ ಇಂಗ್ಲಿಷ್ ಶಿಕ್ಷಕರಷ್ಟೇ ಸಂಬಳ ಉಂಟೇ? ಲೈಬ್ರರಿಯಲ್ಲಿ ಕಥೆಯ ಜೊತೆಗೆ ಕನ್ನಡದ ವಿಜ್ಞಾನ ಪುಸ್ತಕಗಳಿವೆಯೇ? ಉತ್ತರ ತೃಪ್ತಿ ಕೊಡದಿದ್ದರೆ ಹಾಗೆಂದು ಅಲ್ಲಿಯೇ ಹೇಳಿ ಬನ್ನಿ. ಶುಲ್ಕ ಕಟ್ಟುವವರ ಮಾತನ್ನು ಈ ಶಾಲೆಗಳು ಕೇಳುತ್ತವೆ.