ಕೇಳುವ ಊರಿಗೆ ನೋಡುವ ಕಣ್ಣು

ಅವಳಿ ನಗರದಲ್ಲಿ ಏರ್ಪಟ್ಟಿದ್ದ ಚಿತ್ರ-ಶಿಲ್ಪ ಪ್ರದರ್ಶನವೊಂದಕ್ಕೆ ಈಚೆಗೆ ಎರಡು ದಿನ ಹೋಗಿದ್ದೆ. ಉದ್ಘಾಟನೆಯ ದಿನ ಕಾಲಿಡಲು ಸ್ಥಳವಿರಲಿಲ್ಲ, ಭಾಷಣಗಳಾದವು, ಹಾರ-ತುರಾಯಿಗಳಾದವು. ಮರುದಿನ ಮಧ್ಯಾಹ್ನ ಅಲ್ಲಿದ್ದವರು ಮೂವರೇ: ಕಲಾವಿದ, ಕಾವಲುಗಾರ ಮತ್ತು ನಾನು. ಇದನ್ನು ಒಬ್ಬ ಕಲಾವಿದನ ದುರ್ದೈವವೆಂದು ಬಗೆದು ಸುಮ್ಮನಿರಬಹುದಿತ್ತು. ಆದರೆ ಇದರ ಬೇರು ಆಳವಾಗಿದೆಯೆಂದು ನನಗೆ ತೋರುತ್ತದೆ.

ಈ ನೆಲಕ್ಕೆ ಚಿತ್ರಕಲೆ ಹೊಸದಲ್ಲ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಬಂದ ಡಿ. ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ಕಲಾಶಾಲೆಯನ್ನು ತೆರೆದರು. ಹುಬ್ಬಳ್ಳಿಯಲ್ಲಿ ಮಿಣಜಿಗಿಯವರೂ ಗದಗಿನಲ್ಲಿ ಟಿ. ಪಿ. ಅಕ್ಕಿಯವರೂ ಇದೇ ಕಾರ್ಯವನ್ನು ಕೈಕೊಂಡರು. 1956ರ ವರೆಗೆ ಈ ಭಾಗವು ಮುಂಬಯಿ ಆಡಳಿತಕ್ಕೆ ಸೇರಿತ್ತಷ್ಟೆ. ಅಲ್ಲಿಯ ಡ್ರಾಯಿಂಗ್ ಪರೀಕ್ಷೆಗಳಿಗೆ ಕುಳಿತು ತೇರ್ಗಡೆಯಾಗುವುದು, ಬಳಿಕ ಶಾಲೆಗಳಲ್ಲಿ ಡ್ರಾಯಿಂಗ್ ಮಾಸ್ತರರಾಗುವುದು ಅನೇಕರ ದಾರಿಯಾಯಿತು. ಇದರಿಂದ ಹಳ್ಳಿಯ ಹುಡುಗನ ಕೈಗೂ ಕುಂಚ ಬಂದಿತು. ಅದು ಸಣ್ಣ ಉಪಕಾರವಲ್ಲ. ಆದರೆ ಹೂಜಿಯನ್ನು ಹೂಜಿಯಂತೆಯೇ ಬರೆಯಲು ಕಲಿಸಿದ ನಾವು, ಇನ್ನೊಬ್ಬರು ಬರೆದ ಚಿತ್ರವನ್ನು ನೋಡಲು ಕಲಿಸಲಿಲ್ಲ. ಆದುದರಿಂದಲೇ ಹೊಸ ಚಿತ್ರದ ಮುಂದೆ ನಿಂತವನ ಮೊದಲ ಪ್ರಶ್ನೆ, "ಇದು ಯಾವುದರ ಹಾಗಿದೆ?" ಎಂಬುದು.

ಶಿಲ್ಪದ ಪಾಡು ಇನ್ನೂ ಕಠಿಣ. ಕ್ಯಾನ್ವಾಸನ್ನು ಸುತ್ತಿ ಕಂಕುಳಲ್ಲಿಟ್ಟು ಬಸ್ಸು ಹತ್ತಬಹುದು. ಕಲ್ಲನ್ನೂ ಕಂಚನ್ನೂ ಹಾಗೆ ಒಯ್ಯಲಾಗದು. ಎರಕದ ವೆಚ್ಚಕ್ಕೆ ಅಂಜಿದ ಶಿಲ್ಪಿ ಚೌಕದ ಪುತ್ಥಳಿಯ ಬೇಡಿಕೆಗೆ ಕಾಯುತ್ತಾನೆ. ಅಲ್ಲಿಯೂ ಹೋಲಿಕೆಯೇ ಒರೆಗಲ್ಲು. ಆದರೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯನ್ನು ಸುತ್ತಿದವನು ಬಲ್ಲ: ಚಾಲುಕ್ಯರ ಕಾಲದ ಆ ಕಲ್ಲು ಒಂದೆಡೆ ನಿಂತವನಿಗೆ ತನ್ನನ್ನು ತೋರದು, ಹೆಜ್ಜೆ ಹೆಜ್ಜೆಗೂ ಬೆಳಕು ಬದಲಾಗುತ್ತದೆ. ಹೊಸ ಶಿಲ್ಪವೂ ಅಷ್ಟು ಪ್ರದಕ್ಷಿಣೆಯನ್ನೇ ಬೇಡುತ್ತದೆ.

ಹೊಸ ಕಲೆಯೇ ಜನರಿಂದ ದೂರ ಸರಿಯಿತೆಂದು ಕೆಲವರು ಹೇಳುವುದುಂಟು. ಅದರಲ್ಲಿ ಸತ್ಯಾಂಶವಿದೆ, ಎರವಲು ತಂದ ಶೈಲಿಯನ್ನು ನಾನೂ ಗೋಡೆಗಳ ಮೇಲೆ ಕಂಡಿದ್ದೇನೆ. ಆದರೆ ಇದು ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ ಹಾಡಿದ ನೆಲ. ಇಲ್ಲಿಯ ರಸಿಕನು ಆಲಾಪವನ್ನು ಕೇಳುವಾಗ, ಇದು ಯಾವುದರ ಹಾಗಿದೆಯೆಂದು ಎಂದಾದರೂ ಕೇಳಿದ್ದುಂಟೇ? ಸ್ವರವು ಏನನ್ನೂ ಹೋಲಬೇಕಾಗಿಲ್ಲವೆಂದು ಅವನು ಬಲ್ಲ. ಆ ಅರಿವು ಹುಟ್ಟಿನಿಂದ ಬಂದುದಲ್ಲ. ಮನೆಯಲ್ಲಿ, ಬೈಠಕಿನಲ್ಲಿ, ಮತ್ತೆ ಮತ್ತೆ ಕೇಳಿ ಬಂದುದು. ಕಿವಿಗೆ ಸಾಧ್ಯವಾದುದು ಕಣ್ಣಿಗೆ ಏಕೆ ಅಸಾಧ್ಯ?

ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಒಪ್ಪಂದವನ್ನು 2016ರಲ್ಲಿ ಕಲಾವಿದರು ಬೀದಿಗಿಳಿದು ವಿರೋಧಿಸಿದರು. ಆ ಚಿತ್ರಶಾಲೆ ತಮ್ಮದೆಂಬ ಭಾವನೆ ಅವರಲ್ಲಿತ್ತು. ನೋಡದವನಿಗೆ ಅಂಥ ಭಾವನೆ ಬಾರದು. ನಾಳೆ ನಮ್ಮ ಚಿತ್ರಶಾಲೆಗೆ ಬೀಗ ಬಿದ್ದರೆ ಕೇಳುವವರೂ ಇರಲಾರರು.

ಅಧ್ಯಾಪಕರಲ್ಲಿ ನನ್ನ ಅರಿಕೆ ಸಣ್ಣದು. ತಿಂಗಳಿಗೊಮ್ಮೆ ಒಂದು ತರಗತಿಯನ್ನು ಚಿತ್ರಶಾಲೆಗೆ ಕರೆದೊಯ್ಯಿರಿ. ನೂರು ಚಿತ್ರಗಳ ಮುಂದೆ ಓಡಿಸಬೇಡಿ. ಒಂದರ ಮುಂದೆ ಅರ್ಧ ಗಂಟೆ ಕುಳ್ಳಿರಿಸಿರಿ. ಅರ್ಥವನ್ನು ಕೇಳಬೇಡಿ, ಕಣ್ಣು ಮೊದಲು ಎಲ್ಲಿ ನಿಂತಿತು, ಬಳಿಕ ಎಲ್ಲಿಗೆ ಸರಿಯಿತು ಎಂದಷ್ಟೇ ಕೇಳಿರಿ. ಉದ್ಘಾಟನೆಯ ಮರುದಿನವೂ ಬರುವ ನೋಟಕರು ಹುಟ್ಟುವುದು ಅಲ್ಲಿಂದಲೇ.