ಡಬ್ಬಿ ತಿರುಗಿಸಿದರೆ ಸಪ್ಪಳ ತಿರುಗೀತೇ?

ನನ್ನ ಹೊಲದ ಮೋಟಾರಿಗೆ ಕರೆಂಟ್ ಸಿಗುವ ಪಾಳಿ ರಾತ್ರಿಯದು. ಹಾಗಾಗಿ ಖಟಕ ಚಿಂಚೋಳಿಯ ಚಳಿಯಲ್ಲಿ, ತಲೆಗೆ ರುಮಾಲು ಸುತ್ತಿಕೊಂಡು, ಕಬ್ಬಿಗೆ ನೀರು ಬಿಟ್ಟು ಬದುವಿನ ಮೇಲೆ ಕೂತು ನಾನು ಕೇಳದ ಸಪ್ಪಳವಿಲ್ಲ. ಎರಡು ಊರಾಚೆಯ ಭಜನೆಯ ತಾಳ ಪಕ್ಕದ ಹೊಲದಲ್ಲೇ ಬಡಿದಂತೆ ಬರುತ್ತದೆ. ಅದೇ ಹೊಲದಲ್ಲಿ ಮೇ ತಿಂಗಳ ಮಧ್ಯಾಹ್ನ ಆಳನ್ನು ಕೂಗಿ ಕರೆದರೆ, ನಾಲ್ಕು ಬದು ದಾಟುವುದರೊಳಗೆ ನನ್ನ ದನಿ ಅಡಗಿರುತ್ತದೆ.

‘ರಾತ್ರಿ ಗದ್ದಲ ಇರಂಗಿಲ್ಲ, ಅದಕ್ಕ’ ಎನ್ನುತ್ತಾರೆ ಮಂದಿ. ಅರ್ಧ ಖರೆ. ಉಳಿದರ್ಧ ಗಾಳಿಯ ಕೆಲಸ. ಸಪ್ಪಳ ಬಿಸಿ ಗಾಳಿಯಲ್ಲಿ ಬಿರುಸಾಗಿ ಹೋಗುತ್ತದೆ, ತಣ್ಣನೆಯದರಲ್ಲಿ ನಿಧಾನ. 0 ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್. ಒಂದೊಂದು ಡಿಗ್ರಿ ಏರಿದಂತೆ ಹೆಚ್ಚುಕಡಿಮೆ 0.6 ಮೀಟರ್ ಜಾಸ್ತಿ. ಜೋಡೆತ್ತಿನಲ್ಲಿ ಒಂದು ಬಿರುಸು ನಡೆದರೆ ಬಂಡಿ ನಿಧಾನದ ಎತ್ತಿನ ಕಡೆ ವಾಲುತ್ತದಲ್ಲ, ಸಪ್ಪಳದ ಅಲೆಯೂ ಹಾಗೇ. ಹಗಲು ನೆಲ ಕಾದು ಅದರ ಮಗ್ಗುಲ ಗಾಳಿ ಬಿಸಿಯಾಗಿರುತ್ತದೆ, ಅಲೆ ಮೇಲಕ್ಕೆ ತಿರುಗಿ ಆಕಾಶದ ಪಾಲು. ಚಳಿಗಾಲದ ಶುಭ್ರ ರಾತ್ರಿಯಲ್ಲಿ ನೆಲ ಮೊದಲು ತಣಿಯುತ್ತದೆ, ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಆಗ ಅಲೆ ಕೆಳಗೆ ಬಾಗಿ ಮತ್ತೆ ನಮ್ಮ ಕಿವಿಗೇ ಬರುತ್ತದೆ.

ಸಪ್ಪಳಕ್ಕೂ ದಾರಿ ನಡೆಯಲು ಹೊತ್ತು ಬೇಕು ಎಂಬುದನ್ನು ನಮ್ಮ ಜಿಲ್ಲೆಯ ಸಣ್ಣ ಹುಡುಗರೂ ಬಲ್ಲರು. ಬೀದರಿನ ವಾಯುಪಡೆ ನೆಲೆಯಿಂದ ಎದ್ದ ಹಾಕ್ ತರಬೇತಿ ವಿಮಾನವನ್ನು ಸದ್ದು ಬಂದ ಕಡೆ ಹುಡುಕಿದರೆ ಸಿಗುವುದಿಲ್ಲ. ಅದು ಆಗಲೇ ಮುಂದೆ ಹೋಗಿರುತ್ತದೆ. ಒಂದು ಕಿಲೋಮೀಟರ್ ದಾಟಲು ಸಪ್ಪಳಕ್ಕೆ ಸುಮಾರು ಮೂರು ಸೆಕೆಂಡ್.

ಇಷ್ಟೆಲ್ಲ ಹೇಳುತ್ತಿರುವುದು ಡಿಜೆ ಸಲುವಾಗಿ. ಹೋದ ಮಾರ್ಗಶಿರದಲ್ಲಿ ನಮ್ಮ ಓಣಿಯಲ್ಲೊಂದು ಬರಾತ. ಗಾಡಿಯ ತುಂಬ ಆಳೆತ್ತರದ ಡಬ್ಬಿಗಳು. ಅಡುಗೆಮನೆಯ ಹಲಗೆ ಮೇಲಿನ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ತಾಗಿ ಗಿರಗಿರ ಎಂದವು. ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡು, ‘ಒಳಗೇ ಬಡದಂಗ ಆಗ್ಲಿಕತ್ತದ’ ಅಂದಳು. ನಾನು ಹೋಗಿ ಕೇಳಿಕೊಂಡೆ. ಹುಡುಗರು ಒಳ್ಳೆಯವರೇ. ‘ಆಯ್ತ್ರಿ ಕಾಕಾ, ಆ ಕಡಿ ತಿರುಗಸ್ತೀವಿ’ ಎಂದು ಗಾಡಿಯನ್ನೇ ಹಿಂದುಮುಂದು ಮಾಡಿದರು. ಮನೆಗೆ ಬಂದರೆ ಹಾಡಿನ ಮಾತು ಕೇಳಿಸುತ್ತಿರಲಿಲ್ಲ. ದಬ್ ದಬ್ ಮಾತ್ರ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ.

ಆಗುವುದೂ ಇಲ್ಲ. ಭಾಲ್ಕಿಯಲ್ಲಿ ಪಿಯುಸಿ ಓದುವಾಗ ನಾನು ಉರು ಹೊಡೆದ ಲೆಕ್ಕವೇ ಇದು: ವೇಗವನ್ನು ಕಂಪನದ ಎಣಿಕೆಯಿಂದ ಭಾಗಿಸಿದರೆ ಅಲೆಯ ಉದ್ದ. 3,400 ಹರ್ಟ್ಸ್‌ನ ಕೀರಲು ದನಿಯ ಅಲೆ ಹತ್ತೇ ಸೆಂಟಿಮೀಟರ್. ಡಬ್ಬಿ ಮುಖ ಮಾಡಿದತ್ತ ಹೋಗುತ್ತದೆ, ಗೋಡೆ ಅಡ್ಡ ಬಂದರೆ ಬಹುಪಾಲು ಅಲ್ಲೇ ನಿಲ್ಲುತ್ತದೆ. 50 ಹರ್ಟ್ಸ್‌ನ ದಬ್ಬಿನ ಅಲೆ ಸುಮಾರು 7 ಮೀಟರ್, ನಮ್ಮ ಪಡಸಾಲೆಗಿಂತ ಉದ್ದ. ಅದಕ್ಕೆ ಡಬ್ಬಿಯ ಹಿಂದು ಮುಂದು ಎಂಬುದೇ ಇಲ್ಲ. ಎಲ್ಲ ದಿಕ್ಕಿಗೂ ಹರಡುತ್ತದೆ, ಮನೆಯ ಮೂಲೆ ಬಳಸಿ ಬರುತ್ತದೆ, ತಗಡನ್ನೂ ಗೋಡೆಯನ್ನೂ ಅಲುಗಿಸಿ ಒಳಹೋಗುತ್ತದೆ. ದೂರ ಹೋದಂತೆ ಕೀರಲನ್ನು ಗಾಳಿ ಹೀರಿಕೊಳ್ಳುತ್ತದೆ, ದಬ್ಬನ್ನು ಮುಟ್ಟುವುದೇ ಇಲ್ಲ ಎನ್ನಬೇಕು.

ಕಾನೂನು ಇದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಮಂದಿ ವಾಸಿಸುವ ಕಡೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಡೆಸಿಬೆಲ್ ಲೆಕ್ಕ ನಮ್ಮ ಕ್ವಿಂಟಲ್ ಲೆಕ್ಕದಂತಲ್ಲ: 10 ಏರಿದರೆ ಸಪ್ಪಳದ ಬಲ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು. ನನ್ನ ತಕರಾರು ಮಿತಿಯ ಮೇಲಲ್ಲ, ಅಳೆಯುವ ಬಗೆಯ ಮೇಲೆ. ಅದು ‘ಎ’ ಅಳತೆಯ ಡೆಸಿಬೆಲ್. ಮನುಷ್ಯನ ಕಿವಿ ತಗ್ಗು ದನಿಗೆ ಮಂದ ಎಂಬ ಕಾರಣಕ್ಕೆ, 50 ಹರ್ಟ್ಸ್‌ನ ಸದ್ದನ್ನು ಮಾಪಕ ಸುಮಾರು 30 ಡೆಸಿಬೆಲ್ ಕಡಿಮೆ ಮಾಡಿ ತೋರಿಸುತ್ತದೆ. ಸಣ್ಣ ಸದ್ದಿಗೆ ಅದು ನ್ಯಾಯ. ಡಿಜೆ ಡಬ್ಬಿಗೆ ಭಾರೀ ರಿಯಾಯಿತಿ! ಅವ್ವನ ಎದೆ ಬಡಿಸಿದ ದಬ್ಬೇ ಕಾಗದದ ಮೇಲೆ ಇಲ್ಲದಂತಾಗುತ್ತದೆ. ಈ ರಿಯಾಯಿತಿ ಕೊಡದ ‘ಸಿ’ ಅಳತೆಯೂ ಇದೆ, ಅದೇ ಮಾಪಕಗಳಲ್ಲಿ ಬಹಳಷ್ಟಕ್ಕೆ ಅದರ ಗುಂಡಿಯೂ ಇರುತ್ತದೆ. ಅದನ್ನೂ ಒತ್ತಿ ನೋಡಲಿ. ಗಾಡಿಯ ಮುಂದೆ ನಿಂತಷ್ಟೇ ಅಲ್ಲ, ಊರ ಕೊನೆಯ ಮನೆಯೊಳಗೆ ನಿಂತೂ ಅಳೆಯಲಿ, ಅದೂ ಚಳಿಗಾಲದ ರಾತ್ರಿಯಲ್ಲಿ.

ಹಲಗಿಯ ಸಪ್ಪಳವೇನು ಸಣ್ಣದೇ ಎಂದು ಕೇಳುವವರಿದ್ದಾರೆ. ಸಣ್ಣದಲ್ಲ. ಬೆಂಕಿಗೆ ಹಿಡಿದು ಚರ್ಮ ಬಿಗಿಯಾಗಿಸಿದ ಹಲಗಿ ಖಣಖಣ ಎಂದರೆ ಮೈ ತಾನೇ ಕುಣಿಯುತ್ತದೆ. ಆದರೆ ಬಡಿಯುವವನ ತೋಳು ಸೋಲುತ್ತದೆ, ಚರ್ಮ ಸಡಿಲಾಗುತ್ತದೆ, ಮತ್ತೆ ಬೆಂಕಿ ಹುಡುಕಬೇಕು. ಆ ನಡುವೆ ಓಣಿಗೆ ಉಸಿರು ಬಿಡಲು ಹೊತ್ತು ಸಿಗುತ್ತದೆ. ಡಿಜೆಗಾದರೆ ಜನರೇಟರಿಗೆ ಡೀಸೆಲ್ ಹಾಕಿದರಾಯಿತು.

ಬರುವ ಫಾಲ್ಗುಣದಲ್ಲಿ ನಮ್ಮ ಮನೆಯದೇ ಲಗ್ನ. ಹಲಗಿಯವರಿಗೆ ಹೇಳಿಬರುತ್ತೇನೆಂದು ಹೊರಟರೆ ಅಣ್ಣನ ಮಗ ಬಾಗಿಲಿಗೆ ಅಡ್ಡ ನಿಂತ: ‘ಡಿಜೆ ಇಲ್ಲದ ಬರಾತ ಏನ್ರಿ ಕಾಕಾ, ಮಂದಿ ನಗಂಗಿಲ್ಲೇನು?’ ಏಳು ಮೀಟರ್ ಅಲೆಯ ಲೆಕ್ಕ ಬಿಡಿಸಿ ಹೇಳಿದೆ. ಪೂರಾ ಕೇಳಿ, ‘ಹಂಗಾದ್ರ ಸಣ್ಣ ಡಬ್ಬಿ ತರಿಸೋಣೇನ್ರಿ?’ ಅಂದ. ಚೌಕಾಸಿ ಇನ್ನೂ ನಡೆದಿದೆ.