ಮುರಿದ ಕೋವಿಯ ಮರ ಬಿಸಾಡಬೇಡಿ

ಹಳೇ ಕೋವಿಯ ಮರದ ಭಾಗ ಮುರಿದರೆ ಈಗ ಎಲ್ಲರೂ ಕೊಡೋ ಉತ್ತರ ಒಂದೇ: ಹೊಸ ಸ್ಟಾಕ್ ಹಾಕಿಸಿಬಿಡಿ. ಮೆಕ್ಯಾನಿಕಲ್ ಎರಡನೇ ವರ್ಷದವರಾದ ನಮಗೆ ಈ ಉತ್ತರ ಸರಿ ಕಾಣಲ್ಲ. ಮೊದಲು ಅಂಟಿಸಲು ಆಗುತ್ತಾ ಅಂತ ನೋಡಬೇಕು, ಬದಲಾಯಿಸೋದು ಆಮೇಲಿನ ಮಾತು.

ನಮ್ಮ ಗುಂಪಿನಲ್ಲಿ ಕೊಡಗಿನವನೊಬ್ಬ ಇದ್ದಾನೆ. ಅವರ ಮನೆಯ ಒಂಟಿ ನಳಿಕೆ ಕೋವಿ ಕೆಳಗೆ ಬಿದ್ದು, ಕೈ ಹಿಡಿಯುವ ಜಾಗದಲ್ಲೇ ಮುರಿದಿದೆ. ಅವನ ಚಿಕ್ಕಪ್ಪ ಪ್ಲಾಸ್ಟಿಕ್ ಸ್ಟಾಕ್ ಸಾಕು ಅಂತಾರೆ, ಅಜ್ಜಿ ಬೇಡವೇ ಬೇಡ ಅಂತಾರೆ. ನಾವು ಅಜ್ಜಿಯ ಪಕ್ಷ. ಇದು ಬರೀ ಸೆಂಟಿಮೆಂಟ್ ಅಲ್ಲ. ಕೊಡವರ ಮನೆಯಲ್ಲಿ ಕೋವಿ ಅಂದರೆ ಬೇಟೆಯ ಸಾಮಾನು ಮಾತ್ರ ಅಲ್ಲ. ಸೆಪ್ಟೆಂಬರ್ 3ರ ಕೈಲ್ ಪೋಳ್ದ್ ದಿನ ಅದಕ್ಕೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತಾರೆ. ಸಾವಾದಾಗ ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇದೆ. ಲೈಸೆನ್ಸ್‌ನಿಂದ ಅವರಿಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದೆ. ಅಷ್ಟು ತಲೆಮಾರುಗಳ ಕೈ ಸವೆಸಿದ ಗುರುತು ಇರುವುದು ಕಬ್ಬಿಣದ ಮೇಲಲ್ಲ, ಮರದ ಮೇಲೆ.

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ. ಸ್ಟಾಕ್ ಯಾಕೆ ಅಲ್ಲೇ ಮುರಿಯುತ್ತೆ? ಇಡೀ ಕೋವಿಯಲ್ಲಿ ಮರ ತೀರಾ ಸಣ್ಣಗಿರೋದು ಅಲ್ಲಿ. ಲಾಕ್ ಕೂರಿಸಲು ಒಳಗಿನ ಮರವನ್ನೂ ಕೆತ್ತಿ ತೆಗೆದಿರುತ್ತಾರೆ. ಜೊತೆಗೆ ಸ್ಟಾಕ್ ಅಲ್ಲಿ ಕೆಳಕ್ಕೆ ಬಾಗುತ್ತೆ, ಮರದ ಎಳೆ ಮಾತ್ರ ನೇರವಾಗಿ ಹೋಗುತ್ತೆ. ಹಾಗಾಗಿ ಎಳೆಗಳು ಓರೆಯಾಗಿ ತುಂಡಾಗಿರುತ್ತವೆ. ಮರ ಎಳೆಯ ಉದ್ದಕ್ಕೆ ಎಷ್ಟು ಗಟ್ಟಿಯೋ ಅಡ್ಡಕ್ಕೆ ಅಷ್ಟೇ ದುರ್ಬಲ. ಸೌದೆ ಸೀಳಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇದರಲ್ಲೇ ಒಂದು ಒಳ್ಳೇ ಸುದ್ದಿಯೂ ಇದೆ. ಓರೆಯಾಗಿ ಸೀಳಿದ ಬಿರುಕಿನಲ್ಲಿ ಅಂಟು ಹಿಡಿಯಲು ಜಾಗ ಜಾಸ್ತಿ. ಎರಡು ತುಂಡು ಒಂದಕ್ಕೊಂದು ಬೀಗದ ಹಾಗೆ ಕೂರುತ್ತವೆ, ಅದಕ್ಕೇ ಮುರಿದ ಮುಖವನ್ನು ಉಜ್ಜಿ ನುಣ್ಣಗೆ ಮಾಡಬಾರದು. ವರ್ಷಗಟ್ಟಲೆ ಕುಡಿದ ಎಣ್ಣೆಯನ್ನು ಅಸಿಟೋನ್‌ನಿಂದ ತೆಗೆಯಬೇಕು, ಇಲ್ಲದಿದ್ದರೆ ಯಾವ ಅಂಟೂ ನಿಲ್ಲಲ್ಲ. ಆಮೇಲೆ ಎಪಾಕ್ಸಿ ಹಚ್ಚಿ, ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿ, ಪೂರ್ತಿ ಗಟ್ಟಿಯಾಗುವ ತನಕ ಮುಟ್ಟದೆ ಇಡಬೇಕು. ಅಡ್ಡಕ್ಕೆ ಮುರಿದಿದ್ದರೆ ಬರೀ ಅಂಟು ಸಾಲದು, ಒಳಗೆ ಉದ್ದಕ್ಕೆ ಒಂದು ಕಡ್ಡಿ ಕೂರಿಸಬೇಕು. ಮೊಳೆ ಮಾತ್ರ ಹೊಡೆಯಬೇಡಿ, ಅದು ಹೊಸ ಬಿರುಕಿಗೆ ದಾರಿ. ಅಮೆರಿಕದಲ್ಲಿ ಹಿಂದೆ ಹಸಿ ಚರ್ಮವನ್ನು ಸುತ್ತಿ ಹೊಲಿಯುತ್ತಿದ್ದರು. ಚರ್ಮ ಒಣಗಿ ಕುಗ್ಗಿದಾಗ ಅದೇ ಕ್ಲಾಂಪ್! ಅಂಥ ಕೋವಿಗಳನ್ನು ಇವತ್ತು ಮ್ಯೂಸಿಯಂಗಳಲ್ಲಿ ಆ ಚರ್ಮದ ಸಮೇತ ಇಟ್ಟಿದ್ದಾರೆ. ರಿಪೇರಿಯೂ ಚರಿತ್ರೆಯ ಭಾಗ ಅಂತ ತಾನೇ ಅರ್ಥ?

ಹಾಗಂತ ನಾವೇ ಹಾಸ್ಟೆಲ್ ರೂಮಿನಲ್ಲಿ ಕೂತು ಮಾಡೋಣ ಅಂತಿಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ಬಂದೂಕು ದುರಸ್ತಿಗೂ ಲೈಸೆನ್ಸ್ ಬೇಕು. ಕೆಲಸ ಲೈಸೆನ್ಸ್ ಇರುವ ಕಮ್ಮಾರರದ್ದೇ. ಆದರೆ ಅವರ ಮುಂದೆ ಸರಿಯಾದ ಪ್ರಶ್ನೆ ಇಡೋದು ನಮ್ಮ ಕೆಲಸ.

"ಅಂಟಿಸಿದ್ದು ಗುಂಡು ಹೊಡೆಯುವಾಗ ಮತ್ತೆ ಮುರಿದರೆ?" ಅಂತ ಚಿಕ್ಕಪ್ಪ ಕೇಳಿದ್ದರಲ್ಲಿ ನ್ಯಾಯ ಇದೆ. ಹಿಮ್ಮೊಗದ ಒದೆ ಪೂರ್ತಿ ಬೀಳೋದು ಅದೇ ಸಣ್ಣ ಜಾಗದ ಮೇಲೆ. ಹುಳು ತಿಂದಿದ್ದರೆ, ತುಂಡುಗಳು ಕಳೆದುಹೋಗಿದ್ದರೆ ಹೊಸ ಮರವೇ ಸರಿ. ಅಂಟಿಸಿದ ಕೋವಿಯಿಂದ ಗುಂಡು ಹಾರಿಸಬಹುದೋ ಇಲ್ಲವೋ ಅಂತ ಹೇಳಬೇಕಾದವರು ಕಮ್ಮಾರರು, ನಾವಲ್ಲ. ಅವರು ಬೇಡ ಅಂದರೆ ಆ ಕೋವಿ ಪೂಜೆಗಷ್ಟೇ ಇರಲಿ. ಪೂಜೆಗೆ ರೀಕಾಯಿಲ್ ಇಲ್ಲವಲ್ಲ.

ಹೊಸದನ್ನು ಡಿಸೈನ್ ಮಾಡೋದನ್ನು ನಮಗೆ ನಾಲ್ಕು ವರ್ಷ ಕಲಿಸುತ್ತಾರೆ. ಇರುವುದನ್ನು ಉಳಿಸೋದಕ್ಕೆ ಒಂದು ಯೂನಿಟ್ ಕೂಡ ಇಲ್ಲ. ಯಾಕೆ ಮುರಿಯಿತು ಅಂತ ಗೊತ್ತಿದ್ದವನೇ ಬಿಸಾಡು ಅಂದರೆ, ಆ ಓದು ಯಾರಿಗೆ ಬಂತು? ನಿಮ್ಮ ಮನೆಯಲ್ಲೂ ಕೋವಿಯೋ, ನೇಗಿಲೋ, ತೊಟ್ಟಿಲೋ ಮುರಿದು ಅಟ್ಟ ಸೇರಿದ್ದರೆ ಈ ರಜೆಯಲ್ಲಿ ಇಳಿಸಿ ನೋಡಿ. ಚೂರುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಡಿ. ಚೂರು ಇದ್ದರೆ ಉಳಿದದ್ದಕ್ಕೆ ದಾರಿ ಇದೆ.